ಎಣ್ಣೆ ಕುಡಿದ ರಬ್ಬರು

“ಮುಟ್ಟಿ ನೋಡ್ರಿ ಸ್ವಾಮಣ್ಣ. ನಿಮ್ಮ ಕೈಗೆ ಏನು ಗೊತ್ತಾಗ್ತೈತೆ ಹೇಳ್ರಿ,” ಎಂದರು ಸಬ್‌ಇನ್‌ಸ್ಪೆಕ್ಟರ್ ಮಾಲಾ.

ಹೊನ್ನೂರಸ್ವಾಮಿ ಕೈ ಚಾಚಲಿಲ್ಲ. ಮೊಳಕಾಲ್ಮೂರು ಠಾಣೆಯ ಹಿಂದೆ, ಜಾಲಿಮರದ ಕೆಳಗೆ, ಆ ಬಿಳಿ ಟ್ಯಾಕ್ಸಿ ಮೂತಿ ಮುರಿದುಕೊಂಡು ನಿಂತಿತ್ತು. ಸೋಮವಾರ ಬೆಳಗ್ಗೆ ನುಂಕೆಮಲೆಯ ಇಳಿಜಾರಿನಲ್ಲಿ ಅದು ಬಂಡೆಗೆ ಬಡಿದು ಚಾಲಕ ದುರುಗೇಶ ಸತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ರೇಷ್ಮೆ ಸೀರೆ ವ್ಯಾಪಾರಿ ಬೊಮ್ಮಲಿಂಗಪ್ಪ ತೋಳು ಮುರಿದುಕೊಂಡು ಬದುಕಿದ್ದರು. ಇವತ್ತು ಬುಧವಾರ.

“ಆರ್‌ಟಿಓ ಆಫೀಸಿನೋರು ಶುಕ್ರವಾರ ಬರ್ತಾರೆ. ಅಷ್ಟರೊಳಗೆ ನನಗೆ ಅರ್ಥ ಆಗಬೇಕು. ನನಗೆ ಗಾಡಿ ಓಡಿಸೋಕೆ ಬರ್ತೈತೆ, ಒಳಗಿಂದು ಏನೂ ತಿಳಿಯಲ್ಲ. ನಮ್ಮ ಜೀಪು ರಿಪೇರಿ ಮಾಡೋರು ನೀವೇ. ಅದಕ್ಕೇ ಕರೆಸಿದ್ದು.”

ಈ ಟ್ಯಾಕ್ಸಿಯೂ ಚಳ್ಳಕೆರೆಯ ತನ್ನ ಗ್ಯಾರೇಜಿಗೇ ಬರುತ್ತಿತ್ತು ಎಂದು ಅವನು ಫೋನಿನಲ್ಲೇ ಹೇಳಿದ್ದ. ಇನ್ನೊಂದು ಮಾತು ಹೇಳಿರಲಿಲ್ಲ.

ಅವನು ಚಾಲಕನ ಕಡೆಯ ಬಾಗಿಲಿನಿಂದ ಒಳಗೆ ಬಗ್ಗಿದ. ಸೀಟಿನ ಮೇಲಿನ ಕಂದು ಕಲೆಯನ್ನು ನೋಡಬಾರದೆಂದುಕೊಂಡೇ ನೋಡಿದ. ಗೇರ್ ಹಿಡಿಕೆ, ಹ್ಯಾಂಡ್‌ಬ್ರೇಕ್, ಕೆಳಗೆ ಪೆಡಲ್. ಇಪ್ಪತ್ತಾರು ವರ್ಷದ ಅಭ್ಯಾಸ. ಕಣ್ಣು ತಾನಾಗಿ ಓದಿತು.

“ಬೊಮ್ಮಲಿಂಗಪ್ಪನವರು ಹೇಳಿಕೆ ಕೊಟ್ಟಿದಾರೆ,” ಎಂದರು ಮಾಲಾ. “ಡ್ರೈವರು ತೂಕಡಿಸ್ತಿದ್ದ, ಬ್ರೇಕೇ ತುಳೀಲಿಲ್ಲ ಅಂತ.”

“ತೂಕಡಿಸ್ತಿರಲಿಲ್ಲ ಮೇಡಂ.”

“ಹೆಂಗೆ ಹೇಳ್ತೀರಿ?”

“ಗೇರ್ ನೋಡ್ರಿ, ಎರಡನೇದ್ರಾಗೆ ಐತೆ. ಇಳಿಜಾರಿನಾಗೆ ಓಡ್ತಿರೋ ಗಾಡಿನ ಎರಡನೇ ಗೇರಿಗೆ ಇಳಿಸಿದಾನೆ. ಹ್ಯಾಂಡ್‌ಬ್ರೇಕು ಕೊನೇವರೆಗೂ ಎಳೆದಿದಾನೆ. ನಿದ್ದೆಗಣ್ಣಾಗೆ ಇರೋನು ಇಷ್ಟು ಮಾಡಲ್ಲ. ಪೆಡಲ್ ತುಳಿದಾಗ ಪೂರ್ತಿ ಒಳಕ್ಕೆ ಹೋಗೈತೆ, ಗಾಡಿ ನಿಂತಿಲ್ಲ. ಇಂಜಿನ್ನಿನಿಂದಾದ್ರೂ ತಡೀಬೇಕು ಅಂತ ಗೇರ್ ಇಳಿಸಿದಾನೆ. ಬಲಕ್ಕೆ ತಿರುಗಿಸಿದ್ರೆ ಕಂದಕ. ಬಂಡೆ ಕಡೆ ತಿರುಗಿಸಿದಾನೆ.”

ಮಾಲಾ ಬರೆದುಕೊಂಡರು. “ಅಂದ್ರೆ ಹಿಂದೆ ಕೂತೋರನ್ನ ಉಳಿಸೋಕೆ?”

“ಹೂಂ.” ಅವನು ಬಾಗಿಲಿನಿಂದ ಹೊರಗೆ ಬಂದ.

ಮುಂದಿನ ಎಡಗಾಲಿಯ ಹತ್ತಿರ ಕುಳಿತ. ಗಾಲಿಯ ಒಳಗಿನ ಉಕ್ಕಿನ ತಟ್ಟೆ ನವಿಲಿನ ಕುತ್ತಿಗೆಯ ಹಾಗೆ ನೀಲಿಯಾಗಿತ್ತು. ಆಚೆ ಬದಿಗೆ ಹೋಗಿ ನೋಡಿದ. ಅದೂ ನೀಲಿ.

“ಇದು ಏನು ಬಣ್ಣ?”

“ಕಾದದ್ದು. ಬ್ರೇಕು ಹಿಡಿದು ಬಿಟ್ಟಿಲ್ಲ. ಕಾಲು ತೆಗೆದ ಮೇಲೂ ಸ್ವಲ್ಪ ಸ್ವಲ್ಪ ಹಿಡ್ಕೊಂಡೇ ಐತೆ. ತಿಕ್ಕಿ ತಿಕ್ಕಿ ಕಾದು, ಒಳಗಿನ ಬ್ರೇಕ್ ಆಯಿಲ್ ಕುದ್ದೈತೆ. ಕುದ್ರೆ ಗುಳ್ಳೆ ಏಳ್ತೈತೆ. ಆಮೇಲೆ ಪೆಡಲ್ ತುಳಿದ್ರೆ ಗುಳ್ಳೆ ತುಳಿದಂಗೆ.”

“ಅದು ಯಾಕೆ ಬಿಟ್ಟಿಲ್ಲ?”

ಅವನು ಬಾನೆಟ್ಟಿನ ತಗಡನ್ನು ಕಬ್ಬಿಣದ ಸಲಾಕೆಯಿಂದ ಎಬ್ಬಿಸಿದ. ಮುಂಭಾಗ ಜಜ್ಜಿಹೋಗಿದ್ದರೂ ಬ್ರೇಕ್ ಆಯಿಲಿನ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಹಿಂಭಾಗದ ಗೋಡೆಗೆ ಅಂಟಿಕೊಂಡು ಹಾಗೇ ಉಳಿದಿತ್ತು. ಮುಚ್ಚಳ ತಿರುಗಿಸಿದ. ಅದರ ಒಳಗಿನ ರಬ್ಬರು ಬಿಲ್ಲೆ ಮುಚ್ಚಳದ ಜೊತೆ ಬರದೆ ಜೋತುಬಿತ್ತು. ನೀರಿನಲ್ಲಿ ನೆನೆದ ಹಪ್ಪಳದ ಹಾಗೆ ಉಬ್ಬಿ, ಅಂಚು ಅಲೆ ಅಲೆಯಾಗಿತ್ತು. ಮತ್ತೆ ಕೂರಿಸಲು ನೋಡಿದ. ಕೂರಲಿಲ್ಲ.

ಅದು ಏನೆಂದು ಅವನಿಗೆ ಗೊತ್ತಿತ್ತು. ಹೊಸದಾಗಿ ಕೆಲಸ ಕಲಿಯುವವನಿಗೂ ಮೊದಲ ತಿಂಗಳಲ್ಲಿ ಹೇಳಿಕೊಡುವ ಪಾಠ ಅದು.

“ಏನು?” ಎಂದರು ಮಾಲಾ.

“ರಬ್ಬರು ಹಳೇದಾಗೈತೆ ಮೇಡಂ.”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ತನ್ನದೇ ದನಿಯೆಂದು ಅವನಿಗೆ ತಿಳಿಯಿತು. ಮಾಲಾ ಅದನ್ನು ಬರೆದುಕೊಳ್ಳಲಿಲ್ಲ. ಪೊಲೀಸು ಪೇದೆಯನ್ನು ಕರೆದು ಡಬ್ಬಿಯಿಂದ ಸಿರಿಂಜಿನಲ್ಲಿ ಆಯಿಲ್ ಎಳೆಸಿದರು, ರಬ್ಬರನ್ನು ಕವರಿಗೆ ಹಾಕಿಸಿ ಸೀಲ್ ಮಾಡಿಸಿದರು. ಆಮೇಲೆ ಟೋಪಿ ಸರಿಮಾಡಿಕೊಂಡು, “ಬರ್ರಿ, ಇಲ್ಲೇ ಒಂದು ಮನೆಗೆ ಹೋಗಿಬರೋಣ,” ಎಂದರು.

* * *

ನೇಕಾರರ ಬೀದಿಯಲ್ಲಿ ಮಗ್ಗಗಳ ಸದ್ದು ಎರಡೂ ಕಡೆಯಿಂದ ಬರುತ್ತಿತ್ತು. ಒಂದು ಮನೆಯಲ್ಲಿ ಮಾತ್ರ ಇರಲಿಲ್ಲ. ಹೊನ್ನೂರಸ್ವಾಮಿ ಹೊಸಿಲಿನ ಮುಂದೆ ನಿಂತುಬಿಟ್ಟ. ಒಂಬತ್ತು ವರ್ಷದ ಹಿಂದೆ ಈ ಮನೆಯಲ್ಲೇ ದುರುಗೇಶನ ಮದುವೆಯ ಊಟ ಉಂಡಿದ್ದ.

ಒಳಗೆ ದುರುಗೇಶನ ತಾಯಿ ಯರ್ರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. “ಎವರು ವಚ್ಚಿಂದಿ?” ಎಂದು, ಬಂದದ್ದು ಯಾರೆಂದು ತೆಲುಗಿನಲ್ಲಿ ಕೇಳಿದಳು.

“ಪೊಲೀಸ್ ಮೇಡಂ ಅತ್ತೆ. ಗ್ಯಾರೇಜ್ ಅಣ್ಣನೂ ಬಂದಿದಾರೆ,” ಎಂದಳು ಸೊಸೆ ಪವಿತ್ರ. ಮುದುಕಿ ತಿರುಗಲಿಲ್ಲ.

ಮಗ್ಗದ ಮೇಲೆ ಅರ್ಧ ನೇಯ್ದ ಕೆಂಪು ಸೀರೆ ಹಾಗೇ ನಿಂತಿತ್ತು. ಪವಿತ್ರ ಮಗ್ಗದ ಕಾಲಿಗೆ ಒರಗಿ ಕುಳಿತಿದ್ದಳು. ಮಾಲಾ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. ಹೊನ್ನೂರಸ್ವಾಮಿಗೆ ಯಾರೂ ಕೂರೆಂದು ಹೇಳಲಿಲ್ಲ.

“ನೆನ್ನೆ ನನಗೆ ಹೇಳಿದ್ದನ್ನ ಇವರ ಮುಂದೆ ಹೇಳಮ್ಮ,” ಎಂದರು ಮಾಲಾ.

ಪವಿತ್ರ ಸೆರಗಿನ ಅಡಿಯಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದಳು. “ಇದನ್ನ ಬರೆಯೋದು ಅವರು ನಿಮ್ಮ ಹತ್ರನೇ ಕಲ್ತಿದ್ದಂತೆ ಅಣ್ಣ. ಗಾಡಿಗೆ ಬಾಯಿಲ್ಲ, ದಿನಾ ಏನಾಯ್ತು ಬರಕೋ ಅಂತ ನೀವು ಹೇಳಿದ್ರಂತೆ.”

ಹೇಳಿದ್ದ. ನೂರು ಜನಕ್ಕೆ ಹೇಳಿದ್ದ. ಮಾಡಿದವನು ದುರುಗೇಶ ಒಬ್ಬನೇ.

ಅವಳು ಓದಿದಳು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ಗುರುವಾರ. ಸರ್ವಿಸ್ ಆಯ್ತು. ಇಂಜಿನ್ ಆಯಿಲ್, ಫಿಲ್ಟರ್ ಬದಲು. ಬ್ರೇಕ್ ಪ್ಯಾಡ್ ಹೊಸದು, ಬ್ರೇಕ್ ಆಯಿಲ್ ಹೊಸದು. ಶುಕ್ರವಾರ. ಎಲ್ಲಾ ಸರಿ. ಪೆಡಲ್ ಗಟ್ಟಿ ಐತೆ.”

ಹಾಳೆ ತಿರುಗಿಸಿದಳು.

“ಶನಿವಾರ. ಮನೆ ಮುಂದಿನ ಇಳುಕಲಿನಾಗೆ ಗೇರ್ ತೆಗೆದ್ರೂ ಗಾಡಿ ಉರುಳಲಿಲ್ಲ. ಡೀಸೆಲ್ ಜಾಸ್ತಿ ಕುಡೀತಾ ಐತೆ. ಭಾನುವಾರ. ಮುಂದಿನ ಎರಡೂ ಗಾಲಿ ಬಿಸಿ, ಹತ್ರ ಕೈ ಒಯ್ಯೋಕಾಗಲ್ಲ. ಸುಟ್ಟ ವಾಸನೆ. ಬ್ರೇಕ್ ಆಯಿಲ್ ಮೇಲಿನ ಗೆರೆಗೇ ಐತೆ, ಗುರುವಾರ ಇದ್ದಷ್ಟೇ. ಸೋಮವಾರ.”

ಅಲ್ಲಿ ನಿಲ್ಲಿಸಿದಳು.

“ಓದಮ್ಮ,” ಎಂದರು ಮಾಲಾ.

“ಸೋಮವಾರ. ಹೊನ್ನೂರಣ್ಣಂಗೆ ಕೇಳ್ದೆ. ಹೊಸ ಪ್ಯಾಡು, ವಾಸನೆ ಬರ್ತೈತೆ ಅಂದ್ರು. ಗುರುವಾರ ಗ್ಯಾರೇಜಿಗೆ ಹೋಗಬೇಕು.”

ಮಾಲಾ ತಲೆಯೆತ್ತಿ ಹೊನ್ನೂರಸ್ವಾಮಿಯನ್ನು ನೋಡಿದರು. ಅವನು ಹೇಳದೆ ಉಳಿಸಿಕೊಂಡಿದ್ದ ಮಾತು ಅದೇ ಆಗಿತ್ತು.

“ನಾನು ಇಲ್ಲೇ ಕೂತು ನೇಯ್ತಿದ್ದೆ,” ಎಂದಳು ಪವಿತ್ರ. “ಬೆಳಗ್ಗೆ ಏಳು ಗಂಟೆ. ಅವರು ಫೋನ್ ಸ್ಪೀಕರಿಗೆ ಹಾಕಿ ಶೂ ಕಟ್ಟಿಕೊಂತಿದ್ರು. ನೀವು ನಕ್ರಿ ಅಣ್ಣ. ಲೇ ದುರುಗೇಶ, ಹೆಣ್ಣು ನೋಡಾಕೆ ಹೋದೋನು ಮೂಸಿ ನೋಡಿದಂಗೆ ಗಾಡಿ ಮೂಸ್ತೀಯಲ್ಲೋ ಅಂದ್ರಿ. ಅವರೂ ನಕ್ರು. ಫೋನ್ ಇಟ್ಟು, ಇದನ್ನ ಬರೆದಿಟ್ಟು, ಅಣ್ಣ ಹೇಳಿದ ಮೇಲೆ ಮುಗೀತು ಬಿಡು ಅಂತ ನನಗೆ ಹೇಳಿ ಹೋದ್ರು.”

ಹೊನ್ನೂರಸ್ವಾಮಿಗೆ ಆ ನಗು ನೆನಪಿತ್ತು. ಎರಡು ದಿನದಿಂದ ಊಟಕ್ಕೆ ಕೂತಾಗ, ಸ್ನಾನಕ್ಕೆ ನಿಂತಾಗ ಅದೇ ಕೇಳಿಸುತ್ತಿತ್ತು. ದುರುಗೇಶನದಲ್ಲ, ತನ್ನದು.

“ಬೈಯೋಕೆ ಕರೆಸಿಲ್ಲ ನಿಮ್ಮನ್ನ,” ಎಂದಳು ಅವಳು. “ಒಂದೇ ಮಾತು ಕೇಳಬೇಕು. ಅವತ್ತು ನಿಮಗೆ ನಿಜವಾಗ್ಲೂ ಹಂಗೆ ಅನಿಸಿತ್ತಾ? ಇಲ್ಲಾ, ಬ್ಯಾರೆ ಕೆಲಸ ಇತ್ತು ಅಂತ ಹಂಗಂದ್ರಾ?”

ಸುಳ್ಳು ಹೇಳುವುದಾದರೆ ಸುಲಭವಿತ್ತು. ಹೊಸ ಪ್ಯಾಡಿಗೆ ವಾಸನೆ ಬರುವುದು ನಿಜವೇ. ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹೌದೆನ್ನುತ್ತಾನೆ. ಮಾಲಾ ಕೂಡ ಒಪ್ಪಬಹುದು.

“ಬ್ಯಾರೆ ಕೆಲಸ ಇತ್ತಮ್ಮ,” ಎಂದ.

“ಏನು ಕೆಲಸ?” ಎಂದಳು ಪವಿತ್ರ.

“ಒಂದು ಗಾಡಿ ಜಾಕಿನ ಮೇಲಿತ್ತು. ಅದರ ಓನರು ಪಕ್ಕದಾಗೆ ನಿಂತಿದ್ದ. ನಿನ್ನ ಗಂಡ ಎರಡೂ ಗಾಲಿ ಬಿಸಿ ಅಂತ ಹೇಳಿದ್ದು ಕಿವಿಗೆ ಬಿತ್ತು. ಒಂದು ಗಾಲಿ ಬಿಸಿ ಆದ್ರೆ ಆ ಗಾಲಿದೇ ತೊಂದ್ರೆ. ಎರಡೂ ಒಟ್ಟಿಗೆ ಬಿಸಿ ಅಂದ್ರೆ ಮೇಲೆ, ಪೆಡಲಿನ ಹತ್ರನೇ ಏನೋ ಕೆಟ್ಟೈತೆ ಅಂತ ಅರ್ಥ. ಗಾಡಿ ತೆಗೀಬ್ಯಾಡ, ನಾನೇ ಬರ್ತೀನಿ ಅನ್ನಬೇಕಿತ್ತು. ಒಂದು ಗಳಿಗೆ ಯೋಚ್ನೆ ಮಾಡಿದ್ರೆ ಸಾಕಿತ್ತು. ಮಾಡಲಿಲ್ಲ.”

ಗೋಡೆಯ ಕಡೆ ಮಲಗಿದ್ದ ಮುದುಕಿಯ ಬೆನ್ನು ಅಲುಗಿತು. ಪವಿತ್ರ ಅಳಲಿಲ್ಲ. ನೋಟ್‌ಬುಕ್ಕನ್ನು ಮುಚ್ಚಿ, ಅದರ ಅಂಚನ್ನು ಅಂಗೈಯಿಂದ ಸವರಿ, ಮಾಲಾ ಅವರ ಕೈಗೆ ಕೊಟ್ಟಳು.

“ಇದು ನನಗೆ ವಾಪಸ್ ಬೇಕು ಮೇಡಂ,” ಎಂದಳು. ಆಮೇಲೆ ಅವನ ಕಡೆ ನೋಡದೆ, “ನೀವು ಹೋಗ್ರಣ್ಣ,” ಎಂದಳು.

* * *

ಜೀಪಿನ ಹತ್ತಿರ ಬಂದ ಹೊನ್ನೂರಸ್ವಾಮಿ ಒಳಗೆ ಹತ್ತಲಿಲ್ಲ. ಬಾಗಿಲು ಹಿಡಿದು ನಿಂತ.

“ಮೇಡಂ, ಆ ರಬ್ಬರು ಹಳೇದಲ್ಲ.”

“ಗೊತ್ತು,” ಎಂದರು ಮಾಲಾ. “ಬದುಕಿನಾಗೆ ಮೊದಲ ಸಲ ಸುಳ್ಳು ಹೇಳಿದೋರ ಥರ ಹೇಳಿದ್ರಿ. ಈಗ ಹೇಳ್ರಿ.”

“ಅದು ಎಣ್ಣೆ ಕುಡಿದೈತೆ. ಬ್ರೇಕಿಗೆ ಹಾಕೋದನ್ನ ನಾವು ಆಯಿಲ್ ಅಂತೀವಿ, ಅದು ಎಣ್ಣೆ ಅಲ್ಲ. ಬ್ಯಾರೆ ದ್ರವ. ಅದಕ್ಕೆ ಇಂಜಿನ್ ಆಯಿಲ್ಲೋ ಇನ್ನೊಂದೋ ಒಂದು ಚಮಚ ಬೆರೆತ್ರೂ ಸಾಕು, ಒಳಗಿನ ರಬ್ಬರೆಲ್ಲ ಎಣ್ಣೆ ಕುಡಿದು ಉಬ್ತವೆ. ಒಂದೇ ದಿನಕ್ಕಲ್ಲ, ಎರಡು ಮೂರು ದಿನ ಹಿಡೀತೈತೆ. ಉಬ್ಬಿದ ಮೇಲೆ ತುಳಿದ ಬ್ರೇಕು ಬಿಡಲ್ಲ.”

“ಯಾರಾದ್ರೂ ಬೇಕಂತ ಸುರಿದಿರಬಹುದಲ್ಲ?”

ಆ ಪ್ರಶ್ನೆಯಲ್ಲಿ ಅವನಿಗೊಂದು ತಪ್ಪಿಸಿಕೊಳ್ಳುವ ದಾರಿಯಿತ್ತು. ಅವನು ಅದರಲ್ಲಿ ಹೋಗಲಿಲ್ಲ.

“ಸುರಿದಿದ್ರೆ ಡಬ್ಬಿಯಾಗೆ ಮಟ್ಟ ಏರ್ತಿತ್ತು. ಗುರುವಾರ ಇದ್ದಷ್ಟೇ ಐತೆ ಅಂತ ಭಾನುವಾರ ಅವನೇ ಬರೆದಿದಾನೆ. ಶನಿವಾರಕ್ಕೇ ಗಾಡಿ ಹಿಡ್ಕೊಂಡೈತೆ. ಅಂದ್ರೆ ಗುರುವಾರನೇ ಒಳಗೆ ಹೋಗೈತೆ. ನನ್ನ ಗ್ಯಾರೇಜಿನಾಗೆ. ಹಾಕಿದ್ದು ನಾನೇ.”

ಮಾಲಾ ಸ್ಟೀರಿಂಗಿನ ಹಿಂದೆ ಕುಳಿತರು. “ಹತ್ರಿ,” ಎಂದರು. “ಚಳ್ಳಕೆರೆಗೆ ಹೋಗೋಣ.”

ಹೆದ್ದಾರಿಯಲ್ಲಿ ಜೀಪು ಬಿ.ಜಿ. ಕೆರೆ ದಾಟಿತು, ಹಿರೇಹಳ್ಳಿ ದಾಟಿತು. ಮುಂದೆ ಹೋಗುವ ಪ್ರತಿ ಲಾರಿಯ ಹಿಂದಿನ ಕೆಂಪು ದೀಪ ಹೊತ್ತಿದಾಗಲೂ ಹೊನ್ನೂರಸ್ವಾಮಿಯ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ತಳಕು ಬಂದಾಗ ಮಾಲಾ ಕೇಳಿದರು.

“ಗುರುವಾರ ಏನಾಯ್ತು, ನೆನಪು ಮಾಡ್ಕೊಳ್ರಿ. ಮೊದಲಿಂದ.”

ಅವನು ಕಣ್ಣು ಮುಚ್ಚಿದ. ಹಳೆಯ ಬ್ರೇಕ್ ಆಯಿಲ್ ಟೀ ಡಿಕಾಕ್ಷನ್ನಿನ ಹಾಗೆ ಕಪ್ಪಾಗಿತ್ತು. ಪೂರ್ತಿ ಹೊರಗೆ ತೆಗೆದಿದ್ದ. ಸೀಲ್ ಒಡೆದು ಹೊಸ ಡಬ್ಬಿ ಸುರಿದಿದ್ದ. ನಾಲ್ಕೂ ಗಾಲಿಯ ಬ್ರೇಕಿನೊಳಗೆ ಸೇರಿಕೊಂಡಿದ್ದ ಗಾಳಿಯನ್ನು ಹೊರಗೆ ಬಿಟ್ಟಿದ್ದ. ಕೊನೆಗೆ ಮೇಲಿನ ಗೆರೆಗೆ ಒಂದು ಬೆರಳಷ್ಟು ಕಡಿಮೆ ಬಿತ್ತು. ಹೊಸ ಡಬ್ಬಿ ಖಾಲಿಯಾಗಿತ್ತು.

“ಪಕ್ಕದಾಗೆ ಇನ್ನೊಂದು ಡಬ್ಬಿ ಇತ್ತು,” ಎಂದ ನಿಧಾನಕ್ಕೆ. “ತೆರೆದಿದ್ದು. ಅದೇ ಕಂಪನಿದು, ಅದೇ ಹಳದಿ ಮುಚ್ಚಳ. ಅದರಿಂದ ಒಂದಿಷ್ಟು ಹಾಕ್ದೆ. ಧಾರೆ ಸ್ವಲ್ಪ ದಪ್ಪ ಅನಿಸ್ತು.”

“ಅನಿಸ್ತು. ಆಮೇಲೆ?”

“ಮುಚ್ಚಳ ಹಾಕ್ದೆ.”

* * *

ಬಳ್ಳಾರಿ ರಸ್ತೆಯ ಗ್ಯಾರೇಜಿನಲ್ಲಿ ಯಾರೂ ಇರಲಿಲ್ಲ. ಪಾಲುದಾರ ಜಯಣ್ಣ ಲೇತ್ ಅಂಗಡಿಗೆ ಹೋಗಿದ್ದೇನೆಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ. ಹಿಂದಿನ ಎಣ್ಣೆ ಮಿಲ್ಲಿನಿಂದ ಹುರಿದ ಶೇಂಗಾದ ವಾಸನೆ ಬರುತ್ತಿತ್ತು.

ಹೊನ್ನೂರಸ್ವಾಮಿ ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ ಬೆಂಚಿನ ಮೇಲಿಟ್ಟ. ಮೊದಲನೆಯದಕ್ಕೆ ಹೊಸ ಡಬ್ಬಿಯ ಸೀಲ್ ಒಡೆದು ನಾಲ್ಕು ಹನಿ ಬಿಟ್ಟ, ಕಡ್ಡಿಯಿಂದ ಕಲಕಿದ. ಸಕ್ಕರೆ ಕರಗಿದ ಹಾಗೆ ಕರಗಿತು. ನೀರು ತಿಳಿಯಾಯಿತು.

“ಬ್ರೇಕ್ ಆಯಿಲ್ ನೀರಿನಾಗೆ ಕರಗ್ತೈತೆ. ಎಣ್ಣೆ ಕರಗಲ್ಲ,” ಎಂದ.

ಕಪಾಟಿನಿಂದ ತೆರೆದ ಡಬ್ಬಿ ತೆಗೆದು, ಎರಡನೆಯ ಲೋಟಕ್ಕೆ ನಾಲ್ಕು ಹನಿ ಬಿಟ್ಟು ಕಲಕಿದ. ನೀರು ಸುತ್ತಿ ಸುತ್ತಿ ನಿಂತಿತು. ಮೇಲೆ ಸಾರಿನ ಒಗ್ಗರಣೆಯ ಹಾಗೆ ದುಂಡು ದುಂಡಾಗಿ ಎಣ್ಣೆಕಣ್ಣುಗಳು ತೇಲಿದವು.

ಅವನು ಸ್ಟೂಲಿನ ಮೇಲೆ ಕುಳಿತುಬಿಟ್ಟ. ಇಷ್ಟು ಹೊತ್ತು ಬಾಯಲ್ಲಿ ಒಪ್ಪಿಕೊಂಡಿದ್ದನ್ನು ಈಗ ಕಣ್ಣು ಒಪ್ಪಬೇಕಾಗಿತ್ತು.

ಮಾಲಾ ಡಬ್ಬಿಯನ್ನು ಮುಟ್ಟದೆ ಬಗ್ಗಿ ನೋಡಿದರು. “ಸ್ವಾಮಣ್ಣ, ಈ ಡಬ್ಬಿಯಿಂದ ಇನ್ಯಾರ ಗಾಡಿಗೆ ಹಾಕಿದೀರಿ?”

ಆ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ. ಎರಡು ದಿನದಿಂದ ಸತ್ತವನೊಬ್ಬನನ್ನೇ ನೆನೆಯುತ್ತ ಬದುಕಿರುವವರನ್ನು ಮರೆತಿದ್ದ. ಎದ್ದು ಗೋಡೆಯ ಕ್ಯಾಲೆಂಡರ್ ನೋಡಿದ. ದುರುಗೇಶನ ನಂತರ ಬ್ರೇಕ್ ಕೆಲಸಕ್ಕೆ ಬಂದದ್ದು ಶುಕ್ರವಾರದ ಚೌಕದಲ್ಲಿದ್ದ ಒಂದೇ ಹೆಸರು.

“ನಾಯಕನಹಟ್ಟಿ ಚಿಕ್ಕಕ್ಕನ ತರಕಾರಿ ಗಾಡಿ. ದಿನಾ ಬೆಳಗ್ಗೆ ಮಾರ್ಕೆಟಿಗೆ ಬರ್ತಾಳೆ. ಮಗಳೂ ಜೊತೆಗಿರ್ತಾಳೆ.”

ಅವಳ ನಂಬರಿಗೆ ಫೋನ್ ಮಾಡಿದ. ಸುಮ್ಮನೆ ಒಂದು ಸಲ ಚೆಕ್ ಮಾಡಬೇಕು ತಗೊಂಬಾ ಎಂದರೆ ಸಾಕಾಗುತ್ತಿತ್ತು. ಗ್ಯಾರೇಜಿನ ಹೆಸರೂ ಉಳಿಯುತ್ತಿತ್ತು. ಅತ್ತ ಕಡೆ ಎತ್ತಿದ ಕೂಡಲೇ ಅವನೆಂದ, “ಚಿಕ್ಕಕ್ಕ, ಗಾಡಿ ಎಲ್ಲಿದ್ರೂ ನಿಲ್ಸು. ಬ್ರೇಕಿಗೆ ನಾನು ಕೆಟ್ಟ ಆಯಿಲ್ ಹಾಕಿದೀನಿ. ತಪ್ಪು ನಂದು. ಒಂದು ಹೆಜ್ಜೆನೂ ಓಡಿಸಬ್ಯಾಡ.”

“ಇದೇನಪ್ಪ ಹೊನ್ನೂರಸ್ವಾಮಿ, ಇವತ್ತು ಹೇಳ್ತಿದೀಯಾ?” ಎಂದಳು ಚಿಕ್ಕಕ್ಕ. “ಭಾನುವಾರ ಗಾಡಿ ಹಿಡ್ಕೊಂಡಂಗೆ ಆಗ್ತಿತ್ತು. ನಿನ್ನ ಫೋನ್ ಎಂಗೇಜ್ ಇತ್ತು, ಜಯಣ್ಣಂಗೆ ಮಾಡ್ದೆ. ಅವನೇ ಊರಿಗೆ ಬಂದು ಒಳಗಿನ ರಬ್ಬರೆಲ್ಲ ಕಿತ್ತು ಹೊಸದು ಹಾಕಿ ಹೋದ. ಹೊನ್ನೂರಂಗೆ ಹೇಳಬ್ಯಾಡಕ್ಕ, ನೊಂದ್ಕೊಂತಾನೆ ಅಂದ.”

“ಭಾನುವಾರ?”

“ಹೂಂ, ಭಾನುವಾರ. ಮಧ್ಯಾಹ್ನ ಊಟ ಇಲ್ಲೇ ಮಾಡ್ದ.”

ಫೋನ್ ಇಟ್ಟ. ಮೊದಲು ಬಂದದ್ದು ನೆಮ್ಮದಿ: ಚಿಕ್ಕಕ್ಕ ಉಳಿದಳು. ಅದರ ಹಿಂದೆಯೇ ಇನ್ನೊಂದು ನೆಮ್ಮದಿ ಬಂತು: ತಪ್ಪು ತನ್ನೊಬ್ಬನದೇ ಅಲ್ಲ. ಅದು ಬಂದದ್ದಕ್ಕೆ ಅವನಿಗೆ ಮೈಯೆಲ್ಲ ನಾಚಿಕೆಯಾಯಿತು.

“ಜಯಣ್ಣಂಗೆ ಭಾನುವಾರನೇ ಗೊತ್ತಿತ್ತು,” ಎಂದರು ಮಾಲಾ. “ದುರುಗೇಶ ಸತ್ತಿದ್ದು ಸೋಮವಾರ.”

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು.

ಜಯಣ್ಣ ಲೇತ್ ಅಂಗಡಿಯಿಂದ ತಂದ ಕಬ್ಬಿಣದ ಬ್ರೇಕ್ ಡ್ರಮ್ಮನ್ನು ಎದೆಗೊತ್ತಿಕೊಂಡು ಒಳಗೆ ಬಂದ. ಅರವತ್ತರ ಹತ್ತಿರದ ಮನುಷ್ಯ. ಹದಿನೇಳು ವರ್ಷದಿಂದ ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು. ಅವನು ಪೊಲೀಸ್ ಸಮವಸ್ತ್ರ ನೋಡಿದ. ಬೆಂಚಿನ ಮೇಲಿನ ಎರಡು ಲೋಟ ನೋಡಿದ. ಡ್ರಮ್ಮನ್ನು ಮೆಲ್ಲಗೆ ನೆಲಕ್ಕಿಟ್ಟು ಗೋಡೆಗೆ ಆತುಕೊಂಡ.

“ನಾನೇ ಹಾಕಿದ್ದು ಮೇಡಂ,” ಎಂದ, ಯಾರೂ ಕೇಳುವ ಮೊದಲೇ. “ಹೋದ ಬುಧವಾರ. ಕ್ಯಾನಿನಾಗೆ ಇಂಜಿನ್ ಆಯಿಲ್ ಸ್ವಲ್ಪ ಉಳಿದಿತ್ತು. ಬಾಗಿಲ ಕೀಲಿಗೆ ಬಿಡಾಕಾಯ್ತು ಅಂತ ಖಾಲಿ ಡಬ್ಬಿಗೆ ಸುರುವಿಟ್ಟೆ. ಖಾಲಿ ಅಂದ್ಕೊಂಡಿದ್ದೆ. ತಳದಾಗೆ ಬ್ರೇಕ್ ಆಯಿಲ್ ಇತ್ತು. ಕನ್ನಡಕ ಹಾಕಿರಲಿಲ್ಲ.”

“ಭಾನುವಾರ ಗೊತ್ತಾದ ಮೇಲೆ ನಂಗ್ಯಾಕೆ ಹೇಳಲಿಲ್ಲ?” ಎಂದು ಕೇಳಿದ ಹೊನ್ನೂರಸ್ವಾಮಿ.

“ಬಂದೆ ಲೇ. ಸೋಮವಾರ ಬೆಳಗ್ಗೆ ಹೇಳಬೇಕು ಅಂತಲೇ ಬಂದೆ. ನೀನು ಫೋನಿನಾಗೆ ದುರುಗೇಶನ ಜೊತೆ ನಗ್ತಾ ಇದ್ದೆ. ಪಕ್ಕದಾಗೆ ಗಿರಾಕಿ ಇದ್ದ. ಬಾಯಿ ಬರಲಿಲ್ಲ.”

ಹೊನ್ನೂರಸ್ವಾಮಿ ಮುಖ ತಿರುಗಿಸಿದ. ಆ ನಗುವಿಗೆ ಇನ್ನೊಬ್ಬ ಸಾಕ್ಷಿಯಿದ್ದ.

“ಅಂದ್ರೆ ದುರುಗೇಶಂಗೆ ಯಾರೂ ಹೇಳಲಿಲ್ಲ,” ಎಂದರು ಮಾಲಾ.

“ನಾನು ಹೇಳ್ದೆ.”

“ಏನು?”

“ಫೋನ್ ಮಾಡ್ದೆ ಮೇಡಂ. ಗುರುವಾರ ಅವನ ಗಾಡಿಗೂ ಬ್ರೇಕ್ ಆಯಿಲ್ ಹಾಕಿದ್ದು ಗೊತ್ತಿತ್ತು, ಮನಸು ತಡೀಲಿಲ್ಲ. ಹತ್ತೂವರೆ ಆಗಿತ್ತು.” ಜಯಣ್ಣ ಅಂಗಿ ಜೇಬಿನಿಂದ ಫೋನ್ ತೆಗೆದು, ಬೆರಳಿನ ಗ್ರೀಸನ್ನು ಪಂಚೆಗೆ ಒರೆಸಿ, ಹುಡುಕಿ ತೋರಿಸಿದ. ಸೋಮವಾರ, ಹತ್ತು ಮೂವತ್ತೆರಡು. ಮೂರು ನಿಮಿಷ.

ಟ್ಯಾಕ್ಸಿ ಬಂಡೆಗೆ ಬಡಿದದ್ದು ಹತ್ತು ಮುಕ್ಕಾಲಿಗೆ. ಅದು ಮೂವರಿಗೂ ಗೊತ್ತಿತ್ತು.

“ದುರುಗೇಶಂಗೆ ಏನಂದ್ರಿ?”

“ಎತ್ತಿದ್ದು ಅವನಲ್ಲ,” ಎಂದ ಜಯಣ್ಣ. “ಹೆಂಗಸು.”

ಮಾಲಾ ಬರೆಯುವುದನ್ನು ನಿಲ್ಲಿಸಿದರು. “ಪವಿತ್ರ ಅವತ್ತು ಮನೆಯಾಗೆ ನೇಯ್ತಿದ್ಲು. ಅಕ್ಕಪಕ್ಕದೋರು ನೋಡಿದಾರೆ. ಗಾಡಿಯಾಗೆ ಇದ್ದದ್ದು ಡ್ರೈವರು, ನಾನು, ಇಬ್ರೇ ಅಂತ ಬೊಮ್ಮಲಿಂಗಪ್ಪ ಸಹಿ ಹಾಕಿ ಕೊಟ್ಟಿದಾರೆ.”

“ಇದ್ಲು ಮೇಡಂ. ಡ್ರೈವರು ಓಡಿಸ್ತಿದಾರೆ, ನನಗೇ ಹೇಳ್ರಿ ಅಂದ್ಲು. ಗುಡ್ಡದ ಮೇಲಿಂದ ಈಗ ಹೊರಟ್ವಿ ಅಂದ್ಲು. ಇಳೀಬ್ಯಾಡ್ರಮ್ಮ, ಬ್ರೇಕ್ ಕೈ ಕೊಡ್ತೈತೆ, ದುರುಗೇಶಂಗೆ ಈಗ್ಲೇ ಹೇಳ್ರಿ ಅಂದೆ. ಅವಳು ಗಾಬರಿ ಆಗಲಿಲ್ಲ. ಪೂರ್ತಿ ಹೋಗ್ತೈತಾ ಅಂತ ಕೇಳಿದ್ಲು. ಹೌದಮ್ಮ, ಇಳಿಜಾರಿನಾಗೆ ಪೂರ್ತಿ ಹೋಗ್ತೈತೆ ಅಂದೆ. ಸರಿ, ಹೇಳ್ತೀನಿ ಅಂದ್ಲು.”

“ಹೇಳಿದ್ಲಾ?”

ಜಯಣ್ಣ ಫೋನನ್ನು ಜೇಬಿಗೆ ಹಾಕಿಕೊಂಡ. ಹೊನ್ನೂರಸ್ವಾಮಿ ಅವನ ಹತ್ತಿರ ಹೋಗಿ ತೋಳು ಹಿಡಿದ. ಹಿಡಿದದ್ದು ಸಿಟ್ಟಿಗೋ ಆಸರೆಗೋ ಅವನಿಗೇ ತಿಳಿಯಲಿಲ್ಲ.

“ಹೇಳು ಜಯಣ್ಣ.”

“ದುರುಗೇಶಂಗೆ ತೆಲುಗಿನಾಗೆ ಮಾತಾಡಿದ್ಲು ಲೇ. ‘ಕೊಂಚೆಂ ಆಪಂಡಿ, ನೇನು ಇಕ್ಕಡೇ ದಿಗುತಾನು’ ಅಂದ್ಲು. ಸ್ವಲ್ಪ ನಿಲ್ಸಿ, ನಾನು ಇಲ್ಲೇ ಇಳೀತೀನಿ ಅಂತ. ಬ್ರೇಕ್ ಹಿಡಿದು ಗಾಡಿ ನಿಂತಿದ್ದು ಕೇಳಿಸ್ತು. ದೇವ್ರು ದೊಡ್ಡೋನು, ನಿಂತ್ರು ಅಂದ್ಕೊಂಡೆ.”

“ಆಮೇಲೆ?” ಎಂದರು ಮಾಲಾ.

“ಬಾಗಿಲು ಹಾಕಿದ ಸದ್ದು. ಆಮೇಲೆ ಗಾಡಿ ಹೊರಟ ಸದ್ದು.” ಜಯಣ್ಣನ ಕಣ್ಣು ನೆಲದ ಮೇಲಿತ್ತು. “ದುರುಗೇಶನ ಫೋನ್ ಇನ್ನೂ ಅವಳ ಕೈಯಾಗೇ ಇತ್ತು ಮೇಡಂ. ಗಾಡಿ ಇಳೀತಾ ಇಳೀತಾ ದೂರ ಆಗೋದು ಕೇಳಿಸ್ತಿತ್ತು. ನಾನು ಕೂಗ್ತಾನೇ ಇದ್ದೆ. ಅವಳು ಕೂಡ್ಲೇ ಕಟ್ ಮಾಡಲಿಲ್ಲ. ಸುಮ್ನೆ ನಿಂತು ಕೇಳಿಸ್ಕೊಂತಿದ್ಲು.”